ಮೊದಲು ಅಳತೆ, ಆಮೇಲೆ ಸೂತ್ರ: ಐಟಿಐಯಲ್ಲಿ ಗಣಿತ ಕಲಿಸಿದ ಬಗೆ

ಐಟಿಐಗೆ ಬರುವ ಮಕ್ಕಳಲ್ಲಿ ಹಲವರು ಎಸ್ಸೆಸ್ಸೆಲ್ಸಿ ಗಣಿತವನ್ನು ಹೇಗೋ ದಾಟಿಕೊಂಡು ಬಂದವರು. ಇಲ್ಲೂ ವರ್ಕ್‌ಶಾಪ್ ಕ್ಯಾಲ್ಕ್ಯುಲೇಶನ್ ಪೀರಿಯಡ್ಡಿನಲ್ಲಿ ಅದೇ ಬೋರ್ಡು, ಅದೇ ಸೂತ್ರ ಕಂಡರೆ ಹಿಂದಿನ ಬೆಂಚು ತುಂಬುತ್ತದೆ. ಫಿಟ್ಟರ್ ಮತ್ತು ಟರ್ನರ್ ಟ್ರೇಡುಗಳಲ್ಲಿ ನಾವು ಕ್ರಮವನ್ನೇ ತಿರುಗಿಸಿದೆವು. ಮೊದಲು ಅಳೆಯುವುದು, ಆಮೇಲೆ ಲೆಕ್ಕ, ಸೂತ್ರ ಕಡೆಗೆ. 20 ಜನರ ಬ್ಯಾಚನ್ನು ನಾಲ್ಕು ನಾಲ್ಕು ಜನರ ಐದು ಗುಂಪು ಮಾಡಿ, ಗುಂಪಿಗೊಂದು ವರ್ನಿಯರ್ ಕ್ಯಾಲಿಪರ್, ಒಂದು ಸ್ಟೀಲ್ ರೂಲ್, ಕಾಗದದ ಪಟ್ಟಿ, ಗುಂಡುಸೂಜಿ ಕೊಟ್ಟರೆ ಶುರು ಮಾಡಬಹುದು. ಅಳೆಯಲು ಹೊಸ ಸಾಮಾನು ಬೇಡ, ಸ್ಕ್ರ್ಯಾಪ್ ಡಬ್ಬಿಯಲ್ಲಿರುವ ರಾಡಿನ ತುಂಡುಗಳೇ ಸಾಕು.

ವರ್ನಿಯರಿನಲ್ಲಿ 49 ಮಿ.ಮೀ. ಉದ್ದವನ್ನು 50 ಭಾಗ ಮಾಡಿರುವುದರಿಂದ ಲೀಸ್ಟ್ ಕೌಂಟ್, ಅಂದರೆ ಅದು ಅಳೆಯಬಲ್ಲ ಅತಿ ಸಣ್ಣ ಅಳತೆ, 0.02 ಮಿ.ಮೀ. ಇದನ್ನು ಎಲ್ಲರೂ ಬಾಯಿಪಾಠ ಹೇಳುತ್ತಾರೆ. ಎಡವುವುದು ಝೀರೋ ಎರರ್‌ನಲ್ಲಿ. ದವಡೆ ಒರೆಸಿ ಮುಚ್ಚಿದಾಗಲೇ 0.04 ತೋರಿಸಿದರೆ ಅದನ್ನು ಕಳೆಯಬೇಕೋ ಕೂಡಿಸಬೇಕೋ ಎಂದು ಕೇಳಿದರೆ ತರಗತಿ ಎರಡು ಪಾಲಾಗುತ್ತದೆ. ನಾವು ತರಕಾರಿ ಅಂಗಡಿಯ ತಕ್ಕಡಿಯನ್ನು ತಂದೆವು: ತಟ್ಟೆ ಖಾಲಿ ಇದ್ದಾಗಲೇ 40 ಗ್ರಾಂ ತೋರಿಸುವ ತಕ್ಕಡಿಯಲ್ಲಿ ಈರುಳ್ಳಿ ತೂಗಿದರೆ ದುಡ್ಡು ಯಾರಿಗೆ ಹೆಚ್ಚು ಹೋಗುತ್ತದೆ? ಚಿಹ್ನೆಯ ಗೊಂದಲ ಅಲ್ಲಿಗೆ ಮುಗಿಯಿತು.

ಪೈ ಬೆಲೆ ಹುಡುಕಿಸುವಾಗ ದಾರ ಬಳಸಬೇಡಿ. 20 ಮಿ.ಮೀ. ವ್ಯಾಸದ ರಾಡಿಗೆ 1 ಮಿ.ಮೀ. ದಪ್ಪದ ದಾರ ಸುತ್ತಿದರೆ, ದಾರದ ನಡುಗೆರೆ ಸುತ್ತುವ ವ್ಯಾಸ 21 ಆಗುತ್ತದೆ. ಸುತ್ತಳತೆ 66ರ ಹತ್ತಿರ ಬಂದು ಪೈ 3.3 ಆಗಿಬಿಡುತ್ತದೆ. ಎಳೆದರೆ ದಾರ ಹಿಗ್ಗುವುದು ಬೇರೆ. ಕಾಗದದ ಪಟ್ಟಿಯನ್ನು ಬಿಗಿಯಾಗಿ ಸುತ್ತಿ, ಒಂದರ ಮೇಲೊಂದು ಬಂದ ಕಡೆ ಎರಡೂ ಪದರಕ್ಕೆ ಸೇರಿಸಿ ಸೂಜಿ ಚುಚ್ಚಿ, ಪಟ್ಟಿ ಬಿಚ್ಚಿ ಎರಡು ತೂತುಗಳ ಅಂತರ ಅಳೆಯಬೇಕು. 50 ಮಿ.ಮೀ. ರಾಡಿಗೆ 157 ಬರುತ್ತದೆ. 1 ಮಿ.ಮೀ. ತಪ್ಪಿದರೂ ಪೈಯಲ್ಲಿ ತಪ್ಪು 0.02 ಮಾತ್ರ. ಅದೇ ತಪ್ಪು 20 ಮಿ.ಮೀ. ರಾಡಿನಲ್ಲಿ 0.05. ದೊಡ್ಡ ರಾಡು ಏಕೆ ಒಳ್ಳೆಯದು ಎಂಬ ಪ್ರಶ್ನೆ ಹುಟ್ಟಬೇಕೆಂದೇ ಎರಡೂ ರಾಡು ಕೊಡುತ್ತೇವೆ. ದಾರದ ಪ್ರಯೋಗವನ್ನು ಬೇಕೆಂದೇ ಒಂದು ಗುಂಪಿಗೆ ಬಿಡುವುದೂ ಉಂಟು.

ಪೈ ಕೈಗೆ ಬಂದ ಮೇಲೆ ಲೇಥಿನ (ರಾಡನ್ನು ತಿರುಗಿಸುತ್ತ ಟೂಲಿನಿಂದ ಕತ್ತರಿಸುವ ಯಂತ್ರದ) ಆರ್‌ಪಿಎಂ, ಅಂದರೆ ನಿಮಿಷಕ್ಕೆ ಎಷ್ಟು ಸುತ್ತು ಎಂಬುದು. ಕಟಿಂಗ್ ಸ್ಪೀಡನ್ನು (ಟೂಲಿನ ಮುಂದೆ ರಾಡಿನ ಮೈ ನಿಮಿಷಕ್ಕೆ ಎಷ್ಟು ಮೀಟರ್ ಸಾಗುತ್ತದೆ ಎಂಬುದನ್ನು) 1000ದಿಂದ ಗುಣಿಸಿ, ಪೈ ಮತ್ತು ವ್ಯಾಸದ ಗುಣಲಬ್ಧದಿಂದ ಭಾಗಿಸಬೇಕು. ಹೈಸ್ಪೀಡ್ ಸ್ಟೀಲ್ ಟೂಲಿನಲ್ಲಿ 50 ಮಿ.ಮೀ. ಮೈಲ್ಡ್ ಸ್ಟೀಲ್ ರಾಡಿಗೆ ನಿಮಿಷಕ್ಕೆ 25 ಮೀಟರ್ ಹಿಡಿದರೆ 159 ಬರುತ್ತದೆ. ಮೀಟರನ್ನು ಮಿ.ಮೀ. ಮಾಡಲು ಮರೆತವರಿಗೆ ಉತ್ತರ 0.16. ಆಗ ತಪ್ಪೆಂದು ಹೇಳುವುದಿಲ್ಲ, ರಾಡನ್ನು ಹಿಡಿದು ತಿರುಗುವ ‘ಚಕ್ ಒಂದು ಸುತ್ತು ತಿರುಗಲು ಎಷ್ಟು ನಿಮಿಷ?’ ಎಂದಷ್ಟೇ ಕೇಳುತ್ತೇವೆ. ಗೇರಿನ ಚಾರ್ಟಿನಲ್ಲಿ 159 ಇರುವುದಿಲ್ಲ, ಅದಕ್ಕಿಂತ ಕೆಳಗಿನ ಹತ್ತಿರದ ವೇಗ ಆರಿಸಬೇಕು. ಫೇಸಿಂಗ್ (ರಾಡಿನ ತುದಿಯ ಮುಖವನ್ನು ಸಮ) ಮಾಡುವಾಗ ಹೊರಗೆ ನುಣುಪು, ನಡುವೆ ಒರಟು ಬರುವುದಕ್ಕೂ ಇದೇ ಸೂತ್ರದಲ್ಲಿ ಉತ್ತರವಿದೆ: ಆರ್‌ಪಿಎಂ ಅಷ್ಟೇ ಇದ್ದು ವ್ಯಾಸ ಇಳಿಯುತ್ತ ಹೋದಂತೆ ಕಟಿಂಗ್ ಸ್ಪೀಡ್ ಸೊನ್ನೆಗೆ ಬರುತ್ತದೆ.

ತ್ರಿಕೋನಮಿತಿಗೆ ಟೇಪರ್ ಟರ್ನಿಂಗ್‌ಗಿಂತ (ರಾಡನ್ನು ಒಂದು ತುದಿಗೆ ಸಣ್ಣದಾಗುತ್ತ ಹೋಗುವಂತೆ ಕತ್ತರಿಸುವುದಕ್ಕಿಂತ) ಒಳ್ಳೆಯ ಪಾಠ ನಮಗೆ ಸಿಕ್ಕಿಲ್ಲ. ದೊಡ್ಡ ವ್ಯಾಸ 30, ಸಣ್ಣದು 26, ಉದ್ದ 60 ಮಿ.ಮೀ. ಕಾಂಪೌಂಡ್ ಸ್ಲೈಡ್ (ಟೂಲನ್ನು ಓರೆಯಾಗಿ ಓಡಿಸುವ ಭಾಗ) ತಿರುಗಿಸಬೇಕಾದ ಕೋನದ ಟ್ಯಾನ್ ಬೆಲೆ 4 ಭಾಗಿಸು 120, ಅಂದರೆ 30ರಲ್ಲಿ 1; ಕೋನ 1.91 ಡಿಗ್ರಿ. ಇಲ್ಲಿ ಮೂರು ಕಡೆ ಕಾಲು ಜಾರುತ್ತದೆ. ಮೊದಲನೆಯದು, ಉದ್ದವನ್ನು ಎರಡರಿಂದ ಗುಣಿಸದೆ ಇಡೀ ಕೋನ ಹಾಕುವುದು. ಆಗ ಸಣ್ಣ ತುದಿ 26ರ ಬದಲು 22 ಆಗಿ ಜಾಬ್ ಸ್ಕ್ರ್ಯಾಪಿಗೆ ಹೋಗುತ್ತದೆ. ಎರಡನೆಯದು ಕ್ಯಾಲ್ಕುಲೇಟರಿನದು. ಅದು ಡಿಗ್ರಿಯ ಬದಲು ರೇಡಿಯನ್ ಎಂಬ ಬೇರೆ ಕೋನಮಾನದಲ್ಲಿದ್ದರೆ ಉತ್ತರ 0.0333 ಎಂದೇ ಬರುತ್ತದೆ, ಹಾಕಿದ ಸಂಖ್ಯೆಯೇ ವಾಪಸು ಬಂದಂತೆ. ಬಟನ್ ಕೆಟ್ಟಿದೆ ಎಂದುಕೊಳ್ಳುತ್ತಾರೆ. ಲೆಕ್ಕಕ್ಕೆ ಮುಂಚೆ ಟ್ಯಾನ್ 45 ಒತ್ತಿ, 1 ಬಂದರಷ್ಟೇ ಮುಂದುವರಿಯುವ ಅಭ್ಯಾಸ ಮಾಡಿಸಿ. ಮೂರನೆಯದೇ ಹೆಚ್ಚು ಹಠಮಾರಿ: 1.91 ಡಿಗ್ರಿಯನ್ನು 1 ಡಿಗ್ರಿ 91 ನಿಮಿಷ ಎಂದು ಬರೆಯುವುದು. ಒಂದೂವರೆ ಗಂಟೆಯನ್ನು 1 ಗಂಟೆ 50 ನಿಮಿಷ ಅನ್ನುತ್ತೀರಾ ಎಂದು ಕೇಳಿದರೆ ನಗುತ್ತಾರೆ, ಸರಿಯಾದ 1 ಡಿಗ್ರಿ 55 ನಿಮಿಷಕ್ಕೆ ಬರುತ್ತಾರೆ.

ಆದರೆ ಸ್ಲೈಡಿನ ಮೇಲೆ ಗೆರೆ ಇರುವುದು ಒಂದೊಂದು ಡಿಗ್ರಿಗೆ. 55 ನಿಮಿಷ ಹಾಕುವುದೆಲ್ಲಿ? ಅಂದಾಜಿಗೆ ತಿರುಗಿಸಿ, ನಟ್ಟನ್ನು ಅರೆಬರೆ ಬಿಗಿದು, ಟೂಲ್ ಹಿಡಿಯುವ ಪೋಸ್ಟಿಗೆ ಡಯಲ್ ಇಂಡಿಕೇಟರ್ (ಸಣ್ಣ ಸರಿತವನ್ನು ಮುಳ್ಳಿನಲ್ಲಿ ತೋರಿಸುವ ಮಾಪಕ) ಕಟ್ಟಿ. ಅದರ ತುದಿ, ಲೇಥಿನ ಎರಡು ಬದಿಯ ಮೊನೆಗಳಾದ ಸೆಂಟರುಗಳ ನಡುವೆ ಹಿಡಿದ ನೇರ ಟೆಸ್ಟ್ ಬಾರಿಗೆ ಸೆಂಟರಿನ ಎತ್ತರದಲ್ಲೇ ತಾಗಬೇಕು. ಮೇಲೆ ಕೆಳಗಾದರೆ ರೀಡಿಂಗ್ ಸುಳ್ಳು. ಸ್ಲೈಡನ್ನು ಒಂದೇ ದಿಕ್ಕಿನಲ್ಲಿ 30 ಮಿ.ಮೀ. ಓಡಿಸಿದಾಗ ಮುಳ್ಳು 1 ಮಿ.ಮೀ. ಸರಿಯಬೇಕು. ಕಡಿಮೆ ಇದ್ದರೆ ಸ್ಲೈಡನ್ನು ಮೆಲ್ಲಗೆ ತಟ್ಟಿ ಮತ್ತೆ ನೋಡಿ. ದಿಕ್ಕು ಬದಲಿಸಿದರೆ ಬ್ಯಾಕ್‌ಲ್ಯಾಶ್ (ಸ್ಕ್ರೂವಿನ ಸಡಿಲ) ಸೇರಿ 30 ಮಿ.ಮೀ. ಎಂಬುದೇ 30 ಆಗಿರುವುದಿಲ್ಲ. ಚುರುಕಾದವರು ಇಲ್ಲೊಂದು ತಕರಾರು ತೆಗೆಯುತ್ತಾರೆ. ಸ್ಲೈಡ್ ಓಡುವುದು ಓರೆ ಬದಿಯ ಮೇಲೆ, ಹಾಗಾದರೆ ಇದು ಸೈನ್, ಟ್ಯಾನ್ ಹೇಗಾಯಿತು? ಹೌದು, ಇದು ಸೈನ್. ಇಷ್ಟು ಸಣ್ಣ ಕೋನದಲ್ಲಿ ಎರಡರ ವ್ಯತ್ಯಾಸ ಆ ಡಯಲ್ಲಿನಲ್ಲಿ ಕಾಣದು. ಲೆಕ್ಕ ಮಾಡಿದರೆ 0.9994 ಬರುತ್ತದೆ, ಡಯಲ್ ಓದುವುದು 0.01ರವರೆಗೆ. ಈ ತಕರಾರು ಬಂದ ದಿನ ಪಾಠ ಮುಂದಕ್ಕೆ ಹೋಗದಿದ್ದರೂ ಚಿಂತೆಯಿಲ್ಲ.

ಹತ್ತಿರದ ಹೈಸ್ಕೂಲಿನ ಮಕ್ಕಳನ್ನು ಅರ್ಧ ದಿನ ಕರೆಸುವುದೂ ನಮ್ಮ ಕೆಲಸದಲ್ಲಿ ಸೇರಿದೆ. ಮೆಷಿನ್ ತೋರಿಸಿ ಭಾಷಣ ಮಾಡಿ ಕಳಿಸಿದರೆ ಏನೂ ಉಳಿಯುವುದಿಲ್ಲ. ಲೇಥನ್ನು ಅವರ ಕೈಗೆ ಕೊಡುವ ಹಾಗೂ ಇಲ್ಲ. ಹಾಗಾಗಿ 10 ಮಿ.ಮೀ. ದಪ್ಪದ ಫ್ಲ್ಯಾಟಿನ ತುಂಡುಗಳಿಗೆ ನಾವೇ ಮೊದಲು ಡ್ರಿಲ್ ಹೊಡೆದಿಟ್ಟು, ಕೈಯಿಂದ ಎಂ10 ಟ್ಯಾಪ್ (10 ಮಿ.ಮೀ. ಬೋಲ್ಟಿಗೆ ತೂತಿನೊಳಗೆ ಥ್ರೆಡ್ ಕೊರೆಯುವ ಉಪಕರಣ) ಹಾಕಲು ಬಿಡುತ್ತೇವೆ. ತೂತಿನ ಅಳತೆಯನ್ನು ಅವರೇ ಹೇಳಬೇಕು: 10ರಲ್ಲಿ ಪಿಚ್ (ಥ್ರೆಡ್ಡಿನ ಹಲ್ಲಿನಿಂದ ಹಲ್ಲಿಗಿರುವ ದೂರ) 1.5 ಕಳೆದರೆ 8.5. ಇದು ಐದನೇ ಕ್ಲಾಸಿನ ಲೆಕ್ಕ. 8ರ ತೂತಿನಲ್ಲಿ ಟ್ಯಾಪ್ ಸಿಕ್ಕಿಕೊಂಡು ಮುರಿಯುತ್ತದೆ, 9ರ ತೂತಿನಲ್ಲಿ ಥ್ರೆಡ್ಡಿನ ಹಲ್ಲು ಅರ್ಧದಷ್ಟೇ ಎತ್ತರ ಬರುತ್ತದೆ. ಒಂದು 9ರ ತೂತನ್ನೂ ಇಟ್ಟಿರಿ, ಬೋಲ್ಟ್ ಹಾಕಿ ಅಲ್ಲಾಡಿಸಿ ನೋಡಲಿ. ಎಂ6 ಬೇಡ, ಹೊಸ ಕೈಗಳಲ್ಲಿ ಆ ಸಣ್ಣ ಟ್ಯಾಪ್ ಬಾಳುವುದಿಲ್ಲ. ಮೊದಲ ಎರಡು ಸುತ್ತು ಆದೊಡನೆ ಟ್ಯಾಪಿನ ಪಕ್ಕಕ್ಕೆ ಮೂಲೆಮಟ್ಟ ಹಿಡಿದು ನೋಡಿಸಿ. ಆಮೇಲೆ ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ, ನಡುನಡುವೆ ಎಣ್ಣೆ. ಮುಂದಕ್ಕೇ ಒತ್ತಿದರೆ ಚಿಪ್ಸ್ ತುಂಬಿ ಟ್ಯಾಪ್ ಕಚ್ಚಿಕೊಳ್ಳುತ್ತದೆ. ಅಂಚನ್ನು ಅರದಿಂದ ಉಜ್ಜಿಸಿ, ಬೋಲ್ಟ್ ಸಮೇತ ಮನೆಗೆ ಕಳಿಸಿ.