ಜರ್ಮನಿಯ ನೂರು ಯೂರೋ ಚಿನ್ನದ ನಾಣ್ಯ: ನಾನು ಪರೀಕ್ಷಿಸುವ, ಜೋಪಾನ ಮಾಡುವ ಬಗೆ

ನಾನು ಕೂಡಿಸುವುದು ಜರ್ಮನಿಯ ನೂರು ಯೂರೋ ಚಿನ್ನದ ನಾಣ್ಯಗಳಲ್ಲಿ ವಿಶ್ವ ಪರಂಪರೆ ತಾಣಗಳ ಸರಣಿ, ವರ್ಷಕ್ಕೊಂದು ವಿನ್ಯಾಸ. 2003ರ ಕ್ವೆಡ್ಲಿನ್‌ಬುರ್ಗ್‌ನಿಂದ ಶುರುವಾಗಿ 2009ರಲ್ಲಿ ಟ್ರಿಯರ್, 2012ರಲ್ಲಿ ಆಖೆನ್ ಕೆಥೆಡ್ರಲ್, ಕೊನೆಗೆ 2019ರಲ್ಲಿ ಸ್ಪೈಯರ್ ಕೆಥೆಡ್ರಲ್. 2005ರದು ಫುಟ್‌ಬಾಲ್ ವಿಶ್ವಕಪ್ ನಾಣ್ಯ, ಅದನ್ನು ಬಿಟ್ಟರೆ 16 ವಿನ್ಯಾಸ. ಬರ್ಲಿನ್ (ಎ), ಮ್ಯೂನಿಕ್ (ಡಿ), ಸ್ಟುಟ್‌ಗಾರ್ಟ್ (ಎಫ್), ಕಾರ್ಲ್ಸ್‌ರೂಹೆ (ಜಿ), ಹ್ಯಾಂಬರ್ಗ್ (ಜೆ) ಹೀಗೆ ನಾಣ್ಯ ಅಚ್ಚು ಹಾಕುವ ಐದೂ ಟಂಕಸಾಲೆಗಳ ಗುರುತಿನ ಅಕ್ಷರ ಬೇಕೆಂದರೆ 80 ನಾಣ್ಯವಾಗುತ್ತದೆ. ವಿನ್ಯಾಸಕ್ಕೊಂದು ಸಾಕು ಎನ್ನುವುದು ನನ್ನ ನಿಲುವು.

ಪ್ರತಿ ನಾಣ್ಯ 999.9 ಶುದ್ಧತೆಯ ಅರ್ಧ ಟ್ರಾಯ್ ಔನ್ಸ್, ಅಂದರೆ 15.55 ಗ್ರಾಂ, ವ್ಯಾಸ 28 ಮಿ.ಮೀ. ಬೆಲೆ ಕೇಳಿದ ಕೂಡಲೇ ಆ ದಿನದ ಔನ್ಸ್ ದರದ ಅರ್ಧವನ್ನು ಕಳೆದು, ಮೇಲ್ಬೆಲೆ ಎಷ್ಟೆಂದು ಮೊದಲು ನೋಡುತ್ತೇನೆ.

ಮೂಲ ಡಬ್ಬಿ, ಪ್ರಮಾಣಪತ್ರ ಇಲ್ಲದೆ ಬಂದ ನಾಣ್ಯವನ್ನು ಮಾತ್ರ ಪರೀಕ್ಷೆಗೆಂದು ಅದರ ಕ್ಯಾಪ್ಸೂಲಿನಿಂದ (ಪಾರದರ್ಶಕ ಪ್ಲಾಸ್ಟಿಕ್ ಕವಚ) ತೆಗೆಯುತ್ತೇನೆ. ಅಪರಂಜಿ ಬಲು ಮೆತ್ತಗೆ, ವ್ಯಾಸ ಅಳೆಯುವ ಉಕ್ಕಿನ ಕ್ಯಾಲಿಪರ್ ತಾಗಿದರೂ ಗೀರು ಬೀಳುತ್ತದೆ, ಪ್ಲಾಸ್ಟಿಕ್ಕಿನದೇ ಬೇಕು. ಒರೆಗಲ್ಲಿಗಂತೂ ಕೊಡಲೇಬೇಡಿ, ಉಜ್ಜಿದ ನಾಣ್ಯ ಸಂಗ್ರಹದ ಬೆಲೆ ಕಳೆದುಕೊಂಡು ಬರೀ ಚಿನ್ನವಾಗುತ್ತದೆ.

ತೂಕ, ವ್ಯಾಸ ಸರಿಯಿದ್ದರೆ ನೀರಿನ ಪರೀಕ್ಷೆ. ತಕ್ಕಡಿಯ ಮೇಲೆ ಡಿಸ್ಟಿಲ್ಡ್ ವಾಟರ್ ತುಂಬಿದ ಲೋಟ ಇಟ್ಟು ಸೊನ್ನೆಗೆ ತರಬೇಕು. ನಾಣ್ಯವನ್ನು ತೆಳು ನೈಲಾನ್ ದಾರದಲ್ಲಿ, ತಳಕ್ಕೂ ಗೋಡೆಗೂ ತಾಗದಂತೆ, ಪೂರ್ತಿ ಮುಳುಗಿಸಿ ತೂಗಿಬಿಡಬೇಕು. ಆಗ ತಕ್ಕಡಿ ತೋರಿಸುವುದು ನಾಣ್ಯ ಸರಿಸಿದ ನೀರಿನ ತೂಕ. ಅಸಲಿ ನಾಣ್ಯಕ್ಕೆ ಸುಮಾರು 0.805 ಗ್ರಾಂ ತೋರಿಸುತ್ತದೆ, 15.55ನ್ನು ಅದರಿಂದ ಭಾಗಿಸಿದರೆ 19.3, ಚಿನ್ನದ ಸಾಂದ್ರತೆ. 18 ಕ್ಯಾರೆಟ್ ಆಗಿದ್ದರೆ ತಕ್ಕಡಿ 1 ಗ್ರಾಂ ಆಸುಪಾಸು ತೋರಿಸುತ್ತದೆ. 0.01 ಗ್ರಾಂ ತಕ್ಕಡಿ ಇಲ್ಲಿ ಸಾಲದು: 0.80 ಎಂದರೆ 19.4, 0.81 ಎಂದರೆ 19.2 ಬಂದು ಸುಮ್ಮನೆ ಗಾಬರಿ. 0.001 ಗ್ರಾಂ ತಕ್ಕಡಿ ಬೇಕು. ಕಟ್ಟಡದ ಕೆತ್ತನೆಯ ಸಂದಿಯಲ್ಲಿ ಗಾಳಿಗುಳ್ಳೆ ಕೂತರೆ ಸಾಂದ್ರತೆ ಕಡಿಮೆ ಬರುತ್ತದೆ. ನೀರಿಗೆ ಒಂದೇ ಹನಿ ಪಾತ್ರೆ ಸೋಪು ಹಾಕಿದರೆ ಗುಳ್ಳೆ ನಿಲ್ಲುವುದಿಲ್ಲ. ಆಮೇಲೆ ಬರಿಯ ಡಿಸ್ಟಿಲ್ಡ್ ವಾಟರಿನಲ್ಲಿ ಅದ್ದಿ, ಮೆತ್ತನೆ ಕಾಗದದ ಮೇಲೆ ಒತ್ತಿ ಆರಿಸಿ. ಒರೆಸಬೇಡಿ.

ನಕಲಿ ಮಾಡುವವರು ಒಳಗೆ ತುಂಬುವ ಟಂಗ್‌ಸ್ಟನ್ ಲೋಹ ಮಾತ್ರ ಈ ಪರೀಕ್ಷೆಗೆ ಸಿಕ್ಕುವುದಿಲ್ಲ. ಅದರ ಸಾಂದ್ರತೆ 19.25, ನೀರಿನಲ್ಲಿ ಮೂರು ಮಿಲಿಗ್ರಾಂ ವ್ಯತ್ಯಾಸ ಅಷ್ಟೇ. ಆದರೆ ಅದರ ವಿದ್ಯುದ್ವಾಹಕತೆ ಚಿನ್ನದ ಅರ್ಧಕ್ಕಿಂತ ಕಡಿಮೆ. ಅನುಮಾನ ಬಂದರೆ ವಾಹಕತೆ ಅಳೆಯುವ ಯಂತ್ರವಿರುವ ಅಂಗಡಿಗೇ ಒಯ್ಯುತ್ತೇನೆ.

ಕೆಲವು ನಾಣ್ಯಗಳಲ್ಲಿ ಸಣ್ಣ ಕೆಂಪು ಚುಕ್ಕೆ ಕಾಣುತ್ತದೆ. ಅಚ್ಚು ಹಾಕುವಾಗ ಮೇಲ್ಮೈಗೆ ಸೇರಿದ ಬೆಳ್ಳಿ, ತಾಮ್ರದ ಕಣ ಗಂಧಕದ ಜೊತೆ ಬೆರೆತು ಆಗುವುದು ಅದು, ನಕಲಿಯ ಗುರುತಲ್ಲ. ಉಜ್ಜಿದರೆ ಚುಕ್ಕೆಗಿಂತ ದೊಡ್ಡ ಹಾನಿ. ಪಿವಿಸಿ ಪ್ಲಾಸ್ಟಿಕ್ ಲಕೋಟೆಯಿಂದ ಬಂದ ಜಿಡ್ಡಾದರೆ ಗಾಜಿನ ಬಟ್ಟಲಲ್ಲಿ ಶುದ್ಧ ಅಸಿಟೋನ್ ಹಾಕಿ ಐದು ನಿಮಿಷ ಮುಳುಗಿಸಿದರೆ ಹೋಗುತ್ತದೆ. ಪ್ಲಾಸ್ಟಿಕ್ ಬಟ್ಟಲು ಬೇಡ, ಕೆಲವು ಬಗೆಯ ಪ್ಲಾಸ್ಟಿಕ್ ಅಸಿಟೋನಿಗೆ ಕರಗಿ ನಾಣ್ಯಕ್ಕೇ ಅಂಟಬಹುದು. ಕಿಟಕಿ ತೆರೆದಿರಲಿ, ಹತ್ತಿರ ಬೆಂಕಿ ಇರಬಾರದು.

ಖರೀದಿ ರಸೀದಿಯನ್ನು ನಾಣ್ಯದಷ್ಟೇ ಜೋಪಾನವಾಗಿ ಇಡಿ. ಜರ್ಮನಿಯಲ್ಲಿ ಒಂದು ವರ್ಷಕ್ಕಿಂತ ಹೆಚ್ಚು ಇಟ್ಟುಕೊಂಡು ಮಾರಿದರೆ ಖಾಸಗಿ ವ್ಯಕ್ತಿಯ ಲಾಭಕ್ಕೆ ತೆರಿಗೆ ಇಲ್ಲ, ಕೊಂಡ ದಿನಾಂಕಕ್ಕೆ ಆಧಾರ ಆ ಕಾಗದವೇ. ಮ್ಯೂನಿಕ್, ಸ್ಟುಟ್‌ಗಾರ್ಟಿನಲ್ಲಿರುವ ಕನ್ನಡಿಗರಿಗೆ ಇನ್ನೊಂದು ಮಾತು: ಊರಿಗೆ ಹೋಗುವಾಗ ಒಡವೆಗೆ ಸಿಗುವ ಸುಂಕ ರಿಯಾಯಿತಿ ನಾಣ್ಯಕ್ಕೆ ಅನ್ವಯಿಸುವುದಿಲ್ಲ. ಒಯ್ಯಲೇಬೇಕಾದರೆ ವಿಮಾನ ನಿಲ್ದಾಣದಲ್ಲಿ ಕೆಂಪು ಚಾನೆಲ್‌ಗೆ ಹೋಗಿ, ರಸೀದಿ ತೋರಿಸಿ ಘೋಷಿಸಿ.