ಪಿಕೆ ಆಡುವುದು ಹೇಗೆ: ಐದು ಎಲೆ ಬಿಡಲು ಹೆದರಬೇಡಿ

ಪಿಕೆ ಫ್ರಾನ್ಸ್‌ನ ಹಳೆಯ ಇಸ್ಪೀಟಾಟ, 16ನೇ ಶತಮಾನದಿಂದಲೂ ಇದೆ. ಇಬ್ಬರಿದ್ದರೆ ಸಾಕು. ಹೊಸಬರು ಹೆಚ್ಚಾಗಿ ಎಡವುವುದು ಎಲೆ ಬದಲಿಸುವಾಗ. ಹಾಗಾಗಿ ಅದನ್ನೇ ಬಿಡಿಸಿ ಹೇಳುತ್ತೇನೆ.

1. ಮಾಮೂಲಿ ಪ್ಯಾಕಿನಿಂದ 2ರಿಂದ 6ರವರೆಗಿನ ಎಲೆ ತೆಗೆದುಬಿಡಿ. 32 ಉಳಿಯುತ್ತವೆ. ಎಕ್ಕವೇ ದೊಡ್ಡದು, ತುರುಪು ಇಲ್ಲ. ಮೂಲೆ ಮಡಚಿದ ಪ್ಯಾಕು ಮಾತ್ರ ಬೇಡ. ಇಷ್ಟು ಕಡಿಮೆ ಎಲೆಗಳಲ್ಲಿ ಒಂದರ ಗುರುತು ಸಿಕ್ಕರೂ ಆಟ ಕೆಟ್ಟಂತೆ.

2. ಇಬ್ಬರಿಗೂ 12 ಎಲೆ ಹಂಚಿ, ಉಳಿದ 8 ನಡುವೆ ಮಗುಚಿಡಿ.

3. ಈಗ ಬದಲಾವಣೆ. ಹಂಚದವರದ್ದೇ ಮೊದಲ ಸರದಿ. ಕನಿಷ್ಠ 1, ಹೆಚ್ಚೆಂದರೆ 5 ಎಲೆ ಕೆಳಗಿಟ್ಟು ಅಷ್ಟೇ ಎತ್ತಿಕೊಳ್ಳಬೇಕು. ಉಳಿದದ್ದು ಹಂಚಿದವರ ಪಾಲು. ಒಳ್ಳೆ ಎಲೆ ಹೋದೀತೆಂದು ಎರಡೋ ಮೂರೋ ಬದಲಿಸಿ ಸುಮ್ಮನಾಗುವವರೇ ಜಾಸ್ತಿ. ನೀವು ಬಿಟ್ಟ ಅವಕಾಶ ಎದುರಾಳಿಗೆ ಹೋಗುತ್ತದೆ, ಅಲ್ವಾ? ಐದನ್ನೂ ಬದಲಿಸಿ.

ಒಂದು ಕೈ ನೋಡಿ. ಆಟಿನ್ ಎಕ್ಕ, ರಾಜ, ರಾಣಿ, 10, 8. ಇಸ್ಪೀಟು ರಾಜ, ರಾಣಿ, 7. ಡೈಮಂಡ್ ರಾಜ, 9. ಕಳಾವರ್ ಗುಲಾಮ, 8. ಆಟಿನ್ ಐದೂ, ಮೂರು ರಾಜರೂ ಇರಲಿ. ಉಳಿದ ಐದನ್ನು ಬಿಡಿ, ಇಸ್ಪೀಟು ರಾಣಿಯನ್ನೂ ಸೇರಿಸಿ. ಅವಳನ್ನು ಬಿಡಲು ಮನಸ್ಸು ಬರುವುದಿಲ್ಲ, ಆದರೆ ಅವಳಿಂದ ಇಲ್ಲಿ ಏನೂ ಕೂಡಿಬರದು. ನಿಮಗೆ ಕಾಣದ 20 ಎಲೆಗಳಲ್ಲಿ 5 ನಿಮ್ಮ ಕೈಗೆ ಬರುತ್ತವೆ. ಆಟಿನ್ ಗುಲಾಮ, ಕಳಾವರ್ ರಾಜ ಇವೆರಡರಲ್ಲಿ ಒಂದಾದರೂ ಬರುವ ಸಾಧ್ಯತೆ ಸುಮಾರು 45%. ಎರಡೂ ಬಂದರೆ ಏನಾಗುತ್ತದೆ, ಮುಂದೆ ನೋಡಿ.

4. ಕೂಗು, ಅಂದರೆ ಕೈಯಲ್ಲಿರುವ ಒಳ್ಳೆ ಎಲೆಗಳನ್ನು ಹೇಳಿ ಅಂಕ ಪಡೆಯುವುದು. ಮೊದಲು ಒಂದೇ ಜಾತಿಯ ಹೆಚ್ಚು ಎಲೆ: ಎಲೆಗೆ 1 ಅಂಕ. ಆಮೇಲೆ ಒಂದೇ ಜಾತಿಯ ಸಾಲು: 3ಕ್ಕೆ 3, 4ಕ್ಕೆ 4, 5ಕ್ಕೆ 15, 6ಕ್ಕೆ 16. ಕೊನೆಗೆ 10 ಅಥವಾ ಅದಕ್ಕಿಂತ ದೊಡ್ಡ ಒಂದೇ ಥರದ ಎಲೆಗಳ (ರಾಜರೇ, ರಾಣಿಯರೇ ಹೀಗೆ) ಜೋಡಿಕೆ: ಮೂರಿದ್ದರೆ 3, ನಾಲ್ಕಿದ್ದರೆ 14. ಪ್ರತಿ ಬಗೆಯಲ್ಲೂ ದೊಡ್ಡದಿದ್ದವರಿಗೆ ಮಾತ್ರ ಅಂಕ. ಮೇಲಿನ ಕೈಗೆ ಎರಡೂ ಎಲೆ ಬಂದು, ಎಲ್ಲದರಲ್ಲೂ ನಿಮ್ಮದೇ ದೊಡ್ಡದಾದರೆ 6, 15, 14 ಸೇರಿ 35. ಎದುರಾಳಿಗೆ ಒಂದು ಅಂಕವೂ ಸಿಗುವ ಮೊದಲು ಕೂಗಿನಲ್ಲೇ 30 ಮುಟ್ಟಿದರೆ ಇನ್ನೂ 60 ಸಿಗುತ್ತದೆ. ಒಟ್ಟು 95! ಇದಕ್ಕೆ ರಪೀಕ್ ಎನ್ನುತ್ತಾರೆ.

ಕೂಗನ್ನು ತಾನೇ ಎಣಿಸುವ ಮೊಬೈಲ್ ಆ್ಯಪ್‌ನಲ್ಲಿ ಕಲಿಯಬೇಡಿ. ಕೂಗಲು ಮರೆತರೆ ಅಂಕ ಹೋಗುತ್ತದೆ, ಆ ಎಚ್ಚರ ಕೈಯಲ್ಲಿ ಆಡಿದರೆ ಮಾತ್ರ ಬರುತ್ತದೆ.

5. ಆಟ ಸುಲಭ. ಹಂಚದವರು ಮೊದಲು ಇಳಿಸುತ್ತಾರೆ, ಅದೇ ಜಾತಿ ಇದ್ದರೆ ಅದನ್ನೇ ಹಾಕಬೇಕು. ಹೆಚ್ಚು ಸುತ್ತು ಗೆದ್ದವರಿಗೆ 10, ಹನ್ನೆರಡೂ ಗೆದ್ದರೆ ಅದರ ಬದಲು 40. ಹೀಗೆ ಸರದಿ ಬದಲಿಸುತ್ತಾ ಆರು ಬಾರಿ ಹಂಚಿದರೆ ಒಂದು ಪಂದ್ಯ.