ಜಿಂಜರ್ ಪಾಪ್ ಮುಚ್ಚಿತು, ಬ್ಲೈಟನ್ ಊರು ತೋರಿಸುವ ಕೆಲಸ ನನ್ನ ತಲೆಗೆ ಬಂತು

ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಪೂಲ್ ಊರಿನಲ್ಲಿ ನಮ್ಮ ಮನೆ. ಬೇಸಿಗೆ ಬಂತೆಂದರೆ ಬೆಂಗಳೂರು, ಮೈಸೂರು ಕಡೆಯಿಂದ ನೆಂಟರು, ಗೆಳೆಯರು, ಗೆಳೆಯರ ಗೆಳೆಯರು ಬರುತ್ತಾರೆ. ಲಂಡನ್ ಸುತ್ತಿ ಕಾಲು ನೋಯಿಸಿಕೊಂಡು ನಮ್ಮಲ್ಲಿಗೆ ಬಂದು ಕೂರುತ್ತಾರೆ. ಬಂದವರು ನಲವತ್ತು ದಾಟಿದವರಾದರೆ ಮಕ್ಕಳ ಸಾಹಸ ಕಥೆ ಬರೆದ ಇಂಗ್ಲಿಷ್ ಲೇಖಕಿ ಎನಿಡ್ ಬ್ಲೈಟನ್ ಬಗ್ಗೆ ಒಂದು ಬೇಡಿಕೆ ಇದ್ದೇ ಇರುತ್ತದೆ. "ಇಲ್ಲೆಲ್ಲೋ ಎನಿಡ್ ಬ್ಲೈಟನ್ ಅಂಗಡಿ ಇದೆಯಂತಲ್ಲ, ಅಲ್ಲಿಗೆ ಹೋಗೋಣ್ವಾ?"

ಇತ್ತು. ಕಾರ್ಫ್ ಕ್ಯಾಸಲ್ ಎಂಬ ಹಳ್ಳಿಯಲ್ಲಿ, ಪಾಳುಬಿದ್ದ ಕೋಟೆಯ ಬುಡದಲ್ಲೇ ಇತ್ತು. ಜಿಂಜರ್ ಪಾಪ್ ಅಂತ ಹೆಸರು. ಬ್ಲೈಟನ್ ಪುಸ್ತಕ, ಹಳೇ ಕಾಲದ ಆಟಿಕೆ, ಜಿಂಜರ್ ಬಿಯರ್ ಬಾಟಲಿ ಎಲ್ಲ ಅಲ್ಲಿ ಸಿಗುತ್ತಿತ್ತು. ಆಗ ನನಗೆ ಕೆಲಸವೇ ಇರಲಿಲ್ಲ. ನೆಂಟರನ್ನು ಒಳಗೆ ಬಿಟ್ಟರೆ ಸಾಕು, ಅವರ ಪಾಡಿಗೆ ಅವರು ಬಾಲ್ಯಕ್ಕೆ ಹೋಗಿಬಿಡುತ್ತಿದ್ದರು. ನಾನು ಹೊರಗೆ ನಿಂತು ಕಾಫಿ ಕುಡಿಯುತ್ತಿದ್ದೆ.

ಅದು ಮುಚ್ಚಿದ ಮೇಲೆ ಬಂದವರ ಮುಖ ಸಪ್ಪಗಾಗುವುದನ್ನು ನೋಡಲಾಗಲಿಲ್ಲ. ಹೊರದೇಶದ ಅಂಗಡಿಗೆ ಇವರಿಗ್ಯಾಕೆ ಇಷ್ಟು ಬೇಜಾರು ಅಂತ ಇಲ್ಲಿನ ನನ್ನ ಸಹೋದ್ಯೋಗಿಗಳು ಕೇಳುತ್ತಾರೆ. ಎಂಬತ್ತು, ತೊಂಬತ್ತರ ದಶಕದಲ್ಲಿ ಬೆಂಗಳೂರಿನ ಬಡಾವಣೆಗಳಲ್ಲಿ ಇದ್ದ ಬಾಡಿಗೆ ಲೈಬ್ರರಿಗಳನ್ನು ಅವರು ನೋಡಿಲ್ಲ. ಬೈಂಡ್ ಕಿತ್ತುಹೋದ ಫೇಮಸ್ ಫೈವ್ (ನಾಲ್ವರು ಮಕ್ಕಳು, ಒಂದು ನಾಯಿಯ ಸಾಹಸ ಕಥೆಗಳ ಸರಣಿ) ಪುಸ್ತಕವನ್ನು ದಿನಕ್ಕಿಷ್ಟು ಅಂತ ಕೊಟ್ಟು ತಂದು, ರಾತ್ರಿ ಮುಗಿಸಿ, ಬೆಳಗ್ಗೆ ವಾಪಸ್ ಮಾಡಿದವರು ನಾವು. ಇಂಗ್ಲಿಷ್ ಕಥೆಪುಸ್ತಕವನ್ನು ಹೆದರದೆ ಓದಲು ಎಷ್ಟೋ ಜನ ಕಲಿತದ್ದೇ ಈ ಹೆಂಗಸಿನಿಂದ.

ಒಬ್ಬ ಲೇಖಕಿಯನ್ನೇ ನಂಬಿಕೊಂಡ ಅಂಗಡಿ ನಡೆಸುವುದು ಎಷ್ಟು ಕಷ್ಟ ಅಂತ ನನಗೆ ಆಮೇಲೆ ಅರ್ಥವಾಯಿತು. ಹೊಸ ಪುಸ್ತಕ ಸೂಪರ್ ಮಾರ್ಕೆಟ್ಟಿನಲ್ಲೂ ಆನ್‌ಲೈನಿನಲ್ಲೂ ಕಡಿಮೆ ಬೆಲೆಗೆ ಸಿಗುತ್ತದೆ. ಆಕೆಯ ಹೆಸರು, ಪಾತ್ರ ಹಾಕಿ ಏನಾದರೂ ಮಾಡಿ ಮಾರೋಣವೆಂದರೆ ಹಕ್ಕು ಬೇರೆಯವರ ಕೈಯಲ್ಲಿ. 2012ರಿಂದ ಬ್ಲೈಟನ್ ಪುಸ್ತಕಗಳ ಹಕ್ಕು ಹ್ಯಾಶೆಟ್ ಕಂಪನಿಯದು, ನಾಡಿ (Noddy) ಎಂಬ ಗೊಂಬೆ ಹುಡುಗನ ಕಥೆಗಳನ್ನು ಬಿಟ್ಟು. ಜನ ಬರುವುದೋ ಬೇಸಿಗೆಯಲ್ಲಿ. ಜನವರಿಯಲ್ಲಿ ಕಾರ್ಫ್ ಕ್ಯಾಸಲ್‌ಗೆ ಹೋಗಿ ನೋಡಿ, ಬೀದಿಯಲ್ಲಿ ಗಾಳಿ ಮಾತ್ರ. ಹಾಗಿದ್ದೂ ಅಂಥದ್ದೊಂದು ಅಂಗಡಿ ಇತ್ತಲ್ಲ, ಅದೇ ಆಶ್ಚರ್ಯ.

ಅಂಗಡಿ ಮಾಡುತ್ತಿದ್ದ ಕೆಲಸ ಇಷ್ಟೇ: ಪುಸ್ತಕವನ್ನೂ ಊರನ್ನೂ ಒಂದೇ ಕಡೆ ಗಂಟು ಹಾಕಿ ಕೊಡುತ್ತಿತ್ತು. ಆ ಗಂಟು ನಾನೇ ಹಾಕಬೇಕು ಅಂತ ಕೂತೆ. ಮೊದಲು ಫೇಮಸ್ ಫೈವ್‌ನ ಇಪ್ಪತ್ತೊಂದು ಪುಸ್ತಕಗಳನ್ನೂ ಮತ್ತೆ ಓದಿದೆ. 1942ರಿಂದ 1963ರವರೆಗೆ ಬಂದವು. ದೊಡ್ಡವರಾದ ಮೇಲೆ ಓದಿದರೆ ಕೆಲವು ಕಡೆ ಕಸಿವಿಸಿಯಾಗುತ್ತದೆ, ಸುಳ್ಳೇಕೆ ಹೇಳಲಿ. ಆ್ಯನ್ ಅನ್ನುವ ಹುಡುಗಿ ಯಾವಾಗಲೂ ಪಾತ್ರೆ ತೊಳೆಯುತ್ತಿರುತ್ತಾಳೆ. ಆದರೆ ಜಾಗದ ವರ್ಣನೆಗಳಿಗೆಲ್ಲ ಪೆನ್ಸಿಲ್ ಗುರುತು ಹಾಕುತ್ತಾ ಹೋದಾಗ, ಕಾರ್ಫ್ ಕ್ಯಾಸಲ್ ಸುತ್ತಲಿನ ಈ ಪರ್ಬೆಕ್ ಸೀಮೆ ಆಕೆಗೆ ಎಷ್ಟು ಚೆನ್ನಾಗಿ ಗೊತ್ತಿತ್ತು ಅಂತ ಕಾಣಿಸಿತು. ಮೂವತ್ತರ ದಶಕದಿಂದ ಶುರುಮಾಡಿ ಎಷ್ಟೋ ವರ್ಷ ಆಕೆ ರಜೆಗೆ ಇಲ್ಲಿಗೇ ಬರುತ್ತಿದ್ದರು.

ಈಗ ನಾನು ಕರೆದುಕೊಂಡು ಹೋಗುವ ದಾರಿ ಹೇಳುತ್ತೇನೆ.

ಕಾರನ್ನು ನಾರ್ಡೆನ್ ಸ್ಟೇಷನ್ ಹತ್ತಿರ ನಿಲ್ಲಿಸಿ ಉಗಿಬಂಡಿ ಹತ್ತಿಸುತ್ತೇನೆ. ಮುಂದಿನ ಸ್ಟೇಷನ್ನೇ ಕಾರ್ಫ್ ಕ್ಯಾಸಲ್. ಹಳ್ಳಿಗೆ ಕಾರಿನಲ್ಲೇ ಹೋಗಬಹುದು, ಆದರೆ ರೈಲಿನಿಂದ ಇಳಿದರೆ ಪ್ಲಾಟ್‌ಫಾರ್ಮಿನಲ್ಲೇ ತಲೆಯೆತ್ತಿದರೆ ಕೋಟೆ. ಈ ಕಥೆಗಳಲ್ಲಿ ರಜೆ ಶುರುವಾಗುವುದೇ ರೈಲಿನಲ್ಲಿ ಅಲ್ವಾ? ಈ ಲೈನನ್ನು 1972ರಲ್ಲಿ ಬ್ರಿಟಿಷ್ ರೈಲ್ ಮುಚ್ಚಿತ್ತು. ಊರಿನ ಜನ, ರೈಲಿನ ಹುಚ್ಚಿದ್ದವರು ಸೇರಿ ಹಳಿ ಹಾಕುತ್ತಾ ಬಂದು 1995ರಲ್ಲಿ ಕಾರ್ಫ್ ಕ್ಯಾಸಲ್‌ವರೆಗೆ ಮತ್ತೆ ಬಂಡಿ ಓಡಿಸಿದರು.

ಕೋಟೆಯ ವಿಷಯದಲ್ಲಿ ನಾನು ಸ್ವಲ್ಪ ಹುಷಾರು. ಫೇಮಸ್ ಫೈವ್ ಕಥೆಗಳಲ್ಲಿ ಬರುವ ಕಿರಿನ್ ಕೋಟೆ ಇದೇ ಅಂತ ಎಲ್ಲರೂ ಹೇಳುತ್ತಾರೆ. ಕಿರಿನ್ ಕೋಟೆ ಇರುವುದು ಸಮುದ್ರದ ನಡುವಿನ ದ್ವೀಪದಲ್ಲಿ, ಇದು ಇರುವುದು ಗುಡ್ಡದ ಮೇಲೆ. ಬ್ಲೈಟನ್ 1924ರಲ್ಲಿ ಮದುವೆಯಾಗಿ ಹನಿಮೂನ್‌ಗೆ ಜರ್ಸಿ ದ್ವೀಪಕ್ಕೆ ಹೋಗಿದ್ದರು, ಕಿರಿನ್‌ನ ಬೇರು ಅಲ್ಲಿದೆ ಅನ್ನುವವರೂ ಇದ್ದಾರೆ. ನಾನು ನೆಂಟರಿಗೆ ಎರಡನ್ನೂ ಹೇಳುತ್ತೇನೆ. ಹೇಳಿ, ಮೇಲಿನ ಗೋಡೆಗಳ ನಡುವೆ ನಿಲ್ಲಿಸಿ, ಮೊದಲ ಪುಸ್ತಕದಲ್ಲಿ ಮಕ್ಕಳು ಕೋಟೆಯೊಳಗೆ ಕಾಲಿಡುವ ಪುಟ ತೆಗೆಯುತ್ತೇನೆ. ಅಲ್ಲಿ ಗೋಪುರದ ತುಂಬ ಜಾಕ್‌ಡಾ ಹಕ್ಕಿಗಳು ಗಲಾಟೆ ಮಾಡುತ್ತಿರುತ್ತವೆ. ಕಾಗೆ ಜಾತಿಯವು, ಕಾಗೆಗಿಂತ ಚಿಕ್ಕವು, ಕತ್ತಿನ ಹಿಂಭಾಗ ಬೂದು ಬಣ್ಣ. ಓದುತ್ತಿರುವಾಗಲೇ ತಲೆಯ ಮೇಲೆ ಅವೇ ಹಕ್ಕಿಗಳು ಚಕ್ ಚಕ್ ಅಂತ ಕೂಗುತ್ತಿರುತ್ತವೆ. ಗೋಡೆಯ ಬಿರುಕಿನಿಂದ ಕಡ್ಡಿ ಉದುರುತ್ತದೆ. ಆಮೇಲೆ ಜರ್ಸಿ ವಿಷಯ ಯಾರೂ ಎತ್ತುವುದಿಲ್ಲ.

ಕೋಟೆಯ ಸ್ವಂತ ಕಥೆಯೂ ಏನು ಕಡಿಮೆಯದಲ್ಲ. ಇಂಗ್ಲೆಂಡಿನ ರಾಜನಿಗೂ ಪಾರ್ಲಿಮೆಂಟಿಗೂ ನಡೆದ ಅಂತರ್ಯುದ್ಧದಲ್ಲಿ ರಾಜನ ಕಡೆಯ ಲೇಡಿ ಬ್ಯಾಂಕ್ಸ್ ಇದನ್ನು ಕಾಪಾಡಿಕೊಂಡಿದ್ದರು. ಕೊನೆಗೆ ಒಳಗಿನವರ ದ್ರೋಹದಿಂದ ಬಿತ್ತು. 1646ರಲ್ಲಿ ಪಾರ್ಲಿಮೆಂಟಿನ ಕಡೆಯವರು ಮದ್ದಿಟ್ಟು ಒಡೆದರು. ಒಳಗಿನ ಹೆಬ್ಬಾಗಿಲನ್ನು ತಪ್ಪದೆ ನೋಡಿ. ಕಮಾನು ನಡುವೆ ಸೀಳಿ, ಒಂದು ಅರ್ಧ ಹಾಗೇ ನೆಟ್ಟಗೆ ಕೆಳಕ್ಕೆ ಜಾರಿ ನಿಂತಿದೆ. ಮಕ್ಕಳು ಬ್ಲೈಟನ್ ಓದಿರಲಿ ಬಿಡಲಿ, ಇಲ್ಲಿ ನಿಂತು ಬಾಯಿ ಬಿಡುತ್ತಾರೆ.

ಕೆಳಗಿಳಿದು ಹಳ್ಳಿಯಲ್ಲೇ ಜಿಂಜರ್ ಬಿಯರ್ ಕೊಡಿಸುತ್ತೇನೆ. ಒಂದು ಸಲ ಗೆಳೆಯನ ದೊಡ್ಡಮ್ಮ ಬಂದಿದ್ದರು. ಬಾಟಲಿ ನೋಡಿ "ಏನೋ ಇದು, ಮಗೂಗೆ ಬಿಯರ್ ಕುಡಿಸ್ತಿದ್ದೀಯಾ?" ಅಂದರು. "ಇಲ್ಲ ದೊಡ್ಡಮ್ಮ, ಶುಂಠಿ, ಸಕ್ಕರೆ, ನಿಂಬೆ, ಸ್ವಲ್ಪ ಗ್ಯಾಸು ಅಷ್ಟೇ" ಅಂತ ಅವರಿಗೂ ಒಂದು ಗುಟುಕು ಕೊಟ್ಟೆ. ಬಾಯಿ ಚಪ್ಪರಿಸಿ, "ನಮ್ಮ ರಾಮನವಮಿ ಪಾನಕಕ್ಕೆ ಸೋಡ ಹಾಕಿದ ಹಾಗಿದೆ" ಅಂದರು. ಅಂದ ಹಾಗೆ, ಫೈವ್ ಮಕ್ಕಳ ಬಾಯಲ್ಲಿ ಬರುತ್ತದೆ ಅಂತ ಎಲ್ಲರೂ ಹೇಳುವ ಆ 'ಲ್ಯಾಶಿಂಗ್ಸ್ ಆಫ್ ಜಿಂಜರ್ ಬಿಯರ್' (ಬೇಕಾದಷ್ಟು ಜಿಂಜರ್ ಬಿಯರ್) ಮಾತು ಬ್ಲೈಟನ್ ಬರೆದದ್ದಲ್ಲ. ಅದು 1982ರ ಒಂದು ಟಿವಿ ಅಣಕದಿಂದ ಬಂದದ್ದು. ಇದನ್ನು ಹೇಳಿದರೆ ಒಬ್ಬರಾದರೂ ಜಗಳಕ್ಕೆ ಬರುತ್ತಾರೆ.

ಮಧ್ಯಾಹ್ನ ಸ್ಟಡ್‌ಲ್ಯಾಂಡ್ ಕಡೆ. ನನ್ನ ಪ್ರಕಾರ ಇಡೀ ದಿನದಲ್ಲಿ ಗಟ್ಟಿ ಜಾಗ ಇದು, ಆದರೆ ಇಲ್ಲಿಗೆ ಬರುವವರು ಕಡಿಮೆ. ಐವತ್ತರ ದಶಕದ ಶುರುವಿನಲ್ಲಿ ಬ್ಲೈಟನ್ ಮತ್ತು ಅವರ ಎರಡನೇ ಗಂಡ ಕೆನೆತ್ ಇಲ್ಲಿನ ಗಾಲ್ಫ್ ಕ್ಲಬ್ಬನ್ನೇ ಕೊಂಡುಕೊಂಡಿದ್ದರು. ಆ ಕ್ಲಬ್ ಇರುವ ಗುಡ್ಡದ ಮೇಲೆ ನಿಂತರೆ ಕೆಳಗೆ ಪೂಲ್ ಬಂದರಿನ ನೀರು ಹರಡಿಕೊಂಡಿದೆ. ನಡುವೆ ಕಾಡು ತುಂಬಿದ ಬ್ರೌನ್ಸಿ ದ್ವೀಪ. 'ಫೈವ್ ಹ್ಯಾವ್ ಎ ಮಿಸ್ಟರಿ ಟು ಸಾಲ್ವ್' ಪುಸ್ತಕ ಓದಿದ್ದರೆ ನಿಮಗೆ ಮೈ ಜುಮ್ಮೆನ್ನುತ್ತದೆ. ಅದೇ ಗುಡ್ಡ, ಅದೇ ಗಾಲ್ಫ್ ಮೈದಾನ, ಕೆಳಗೆ ಅದೇ ಯಾರೂ ಹೋಗಬಾರದ ಪಿಸುಗುಟ್ಟುವ ದ್ವೀಪ.

ಯಾರೂ ಹೋಗಬಾರದು ಅನ್ನುವುದನ್ನೂ ಆಕೆ ಸುಮ್ನೆ ಕಟ್ಟಿದ್ದಲ್ಲ. ಬ್ರೌನ್ಸಿಯನ್ನು 1927ರಲ್ಲಿ ಮೇರಿ ಬಾನಮ್ ಕ್ರಿಸ್ಟಿ ಅನ್ನುವವರು ಕೊಂಡರು. ಹೊರಗಿನವರನ್ನು ದಡಕ್ಕೇ ಬಿಡುತ್ತಿರಲಿಲ್ಲ. 1961ರಲ್ಲಿ ತೀರಿಕೊಳ್ಳುವವರೆಗೂ ಹಾಗೇ ಇತ್ತು. ಪುಸ್ತಕ ಬಂದದ್ದು 1962ರಲ್ಲಿ. ವರ್ಷಗಟ್ಟಲೆ ಗುಡ್ಡದ ಮೇಲೆ ನಿಂತು, ಹೋಗಲಾಗದ ದ್ವೀಪವನ್ನು ನೋಡಿ ನೋಡಿ ಬರೆದ ಕಥೆ ಅದು. ಮರುವರ್ಷ, ಹಳೇ ಜಾಗಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಸಂಸ್ಥೆ ಆ ದ್ವೀಪವನ್ನು ಜನರಿಗೆ ತೆರೆಯಿತು. ಈಗ ಪೂಲ್ ಬಂದರಿನಿಂದ ದೋಣಿಯಲ್ಲಿ ಹೋಗಿ ಕೆಂಪು ಅಳಿಲು ನೋಡಿ ಬರಬಹುದು. ದೋಣಿ ಚಳಿಗಾಲದ ಹೆಚ್ಚಿನ ದಿನ ಇರುವುದಿಲ್ಲ. ಡಿಸೆಂಬರ್ ರಜೆಗೆ ಬರುವವರಿಗೆ ಗುಡ್ಡದ ಮೇಲಿಂದಲೇ ದರ್ಶನ.

ಮಕ್ಕಳಿದ್ದರೆ ವಾಪಸ್ ಬರುವಾಗ ಸ್ಯಾಂಡ್‌ಬ್ಯಾಂಕ್ಸ್ ಕಡೆಯ ಚೈನ್ ಫೆರಿ ಹತ್ತಿಸಿ. ಕಾರು ಸಮೇತ ಒಯ್ಯುತ್ತದೆ, ಸರಪಳಿ ಹಿಡಿದು ತಾನೇ ಎಳೆದುಕೊಂಡು ದಾಟುತ್ತದೆ. ಸ್ವಾನೇಜ್ ಪಟ್ಟಣಕ್ಕೂ ಹೋಗಬಹುದು, ಬ್ಲೈಟನ್ ಅಲ್ಲಿನ ಸಮುದ್ರದಲ್ಲಿ ಈಜುತ್ತಿದ್ದರು. ಆದರೆ ತೋರಿಸಲು ಹೆಚ್ಚೇನಿಲ್ಲ, ಐಸ್‌ಕ್ರೀಮ್ ತಿನ್ನಿಸಿ ಬರುತ್ತೇನೆ.

ಅಂಗಡಿ ಇಲ್ಲದ್ದರಿಂದ ಉಳಿದ ಇನ್ನೊಂದು ತೊಂದರೆ, ಕೈಯಲ್ಲಿ ಏನಾದರೂ ಒಯ್ಯಬೇಕು ಅನ್ನುವವರದು. ಅದಕ್ಕಾಗಿ, ದಾನವಾಗಿ ಬಂದ ಹಳೇ ಸಾಮಾನು ಮಾರುವ ಚಾರಿಟಿ ಅಂಗಡಿಗಳಲ್ಲಿ ಹಳೇ ಬ್ಲೈಟನ್ ಹುಡುಕಿ ಕೂಡಿಡುತ್ತೇನೆ. ಇದರಲ್ಲಿ ಒಂದೆರಡು ವಿಷಯ ಗೊತ್ತಿದ್ದರೆ ಒಳ್ಳೆಯದು. ಶೀರ್ಷಿಕೆ ಪುಟದ ಹಿಂದೆ ಇರುವ ಮುದ್ರಣದ ವರ್ಷ ನೋಡಿ. 2010ರಲ್ಲಿ ಪ್ರಕಾಶಕರು ಫೇಮಸ್ ಫೈವ್ ಭಾಷೆಯನ್ನು ಹೊಸದು ಮಾಡಿದರು. ಮದರ್, ಫಾದರ್ ಇದ್ದಲ್ಲಿ ಮಮ್, ಡ್ಯಾಡ್ ಬಂತು, ಶಾಲೆಯ ಟ್ಯೂನಿಕ್ ಹೋಗಿ ಯೂನಿಫಾರ್ಮ್ ಆಯಿತು. ಓದುಗರು ಒಪ್ಪಲಿಲ್ಲ. 2016ರಲ್ಲಿ ಅದನ್ನು ಕೈಬಿಟ್ಟರು. ನಾವು ಬಾಡಿಗೆಗೆ ತಂದು ಓದಿದ್ದು ಹಳೇ ಮಾತುಗಳಲ್ಲಿ, ಹಾಗಾಗಿ ಆ ನಡುವಿನ ಮುದ್ರಣಗಳನ್ನು ನಾನು ಮುಟ್ಟುವುದಿಲ್ಲ.

ಇನ್ನೊಂದು ವಿಷಯ, ಪುಸ್ತಕದೊಳಗಿನ ಚಿತ್ರಗಳು. ಮೊದಲ ಚಿತ್ರಗಳು ಐಲೀನ್ ಸೋಪರ್ ಅವರವು, ಗೆರೆ ಹಗುರ, ಗಾಳಿ ಬೀಸುವುದು ಕಾಣುತ್ತದೆ. ಅರವತ್ತರ ದಶಕದ ಕೊನೆಯಿಂದ ಬಂದ ನೈಟ್ (Knight) ಪ್ರಕಾಶನದ ಪೇಪರ್‌ಬ್ಯಾಕ್‌ಗಳಲ್ಲಿ ಬೆಟ್ಟಿ ಮ್ಯಾಕ್ಸಿ ಚಿತ್ರಗಳಿವೆ. ಸಂಗ್ರಹ ಮಾಡುವವರು ಸೋಪರ್ ಹಿಂದೆ ಬೀಳುತ್ತಾರೆ. ನಮ್ಮವರು ಮಾತ್ರ ಮ್ಯಾಕ್ಸಿಯದ್ದನ್ನು ಕಂಡ ಕೂಡಲೇ "ಇದೇ, ಇದೇ ನಮ್ಮನೇಲಿದ್ದಿದ್ದು" ಅಂತ ಎದೆಗೊತ್ತಿಕೊಳ್ಳುತ್ತಾರೆ. ಬೆಲೆಯೂ ಕಡಿಮೆ. ನನಗೂ ಅನುಕೂಲ.

ದೊಡ್ಡಮ್ಮನಿಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ. ಆ ದಿನ ರೈಲಿನಲ್ಲಿ ಮೊದಲ ಪುಸ್ತಕದ ಕಥೆಯನ್ನು ಕನ್ನಡದಲ್ಲೇ ಹೇಳಿದೆ. ಹುಡುಗನ ಹಾಗೆ ಕೂದಲು ಕತ್ತರಿಸಿಕೊಂಡು, ಜಾರ್ಜ್ ಅಂದರೆ ಮಾತ್ರ ಓಗೊಡುವ ಹುಡುಗಿ. ಮನೆಯಲ್ಲಿ ಬೇಡವೆಂದ ನಾಯಿಯನ್ನು ಬೆಸ್ತರ ಹುಡುಗನ ಹತ್ತಿರ ಬಚ್ಚಿಟ್ಟು ಸಾಕುವವಳು. ಬಿರುಗಾಳಿಗೆ ಸಮುದ್ರದ ತಳದಿಂದ ಮೇಲೆದ್ದು ಬಂದ ಹಡಗು. ಅವರು ಮಧ್ಯೆ ಮಧ್ಯೆ ತಡೆದು ಕೇಳುತ್ತಿದ್ದರು. "ಈ ಮಕ್ಕಳನ್ನ ಹೀಗೆ ಬಿಡ್ತಾರಲ್ಲ, ಅವರಮ್ಮ ಎಲ್ಲಿಗೆ ಹೋಗಿದ್ದಾಳೆ?" ಚಿನ್ನದ ಗಟ್ಟಿ ಸಿಕ್ಕಿತು ಅಂದಾಗ, "ಅದು ಯಾರಿಗೆ ಸೇರಬೇಕು, ಸರ್ಕಾರಕ್ಕಲ್ವಾ?" ಪಕ್ಕದ ಸೀಟಿನ ಅವರ ಮೊಮ್ಮಗ ಫೋನ್ ಕೆಳಗಿಟ್ಟು ಕೇಳತೊಡಗಿದ. ಇಂಗ್ಲಿಷಿನಲ್ಲಿ ಆ ಪುಸ್ತಕ ಕೊಟ್ಟಾಗ ಎರಡು ಪುಟ ಓದಿ ಬೋರು ಅಂದಿದ್ದವನು ಅವನೇ.

ಅವತ್ತಿನಿಂದ ಆ ಕಥೆಯನ್ನು ಕನ್ನಡದಲ್ಲಿ ಬರೆದಿಡುತ್ತಿದ್ದೇನೆ. ಬ್ಲೈಟನ್ ತೀರಿಕೊಂಡದ್ದು 1968ರಲ್ಲಿ. ಭಾರತದಲ್ಲಿ ಲೇಖಕರ ಹಕ್ಕು ಅವರ ನಂತರ 60 ವರ್ಷ ಇರುತ್ತದೆ, ಹಾಗಾಗಿ 2029ರ ಜನವರಿ 1ರಿಂದ ಅಲ್ಲಿ ಯಾರು ಬೇಕಾದರೂ ಅನುವಾದಿಸಿ ಅಚ್ಚು ಹಾಕಬಹುದು. ಬ್ರಿಟನ್ನಿನಲ್ಲಿ ಇನ್ನೂ ಹತ್ತು ವರ್ಷ ಕಾಯಬೇಕು. ಸೋಪರ್ ಚಿತ್ರಗಳಂತೂ ಆಗಲೂ ಬಳಸುವಂತಿಲ್ಲ, ಅವರು ಹೋದದ್ದು 1990ರಲ್ಲಿ. ಚಿತ್ರಕ್ಕೆ ನಮ್ಮ ಕಡೆಯವರೇ ಯಾರಾದರೂ ಬೇಕು. ಜಾಕ್‌ಡಾ ಹೇಗಿರುತ್ತದೆ ಅಂತ ಅವರಿಗೆ ಫೋಟೊ ಕಳಿಸುವ ಕೆಲಸ ನನ್ನದು.